ಕರಾವಳಿಯಲ್ಲಿ ಆಧುನಿಕ ಮನೆಯೆಂದರೆ ತಾರಸಿ ಮನೆಯೇ ಆಗಬೇಕೆ?

ಪ್ರಶ್ನೆ: ಅಘನಾಶಿನಿ ದಡ, ಕುಮಟಾ

ಮಾನ್ಯರೇ, ನಮ್ಮ ಹಳೆಯ ಚಿರೆಕಲ್ಲಿನ, ಹೆಂಚಿನ ಮಾಡಿನ ಮನೆಯನ್ನು ಇಳಿಸಿ ಹೊಸದನ್ನು ಕಟ್ಟಲು ಹೊರಟಿದ್ದೇವೆ. ಹೆಂಚು ಹೊದಿಸಿದರೆ ಅದು ಆಧುನಿಕ ವಾಸ್ತುಶಿಲ್ಪವೇ ಅಲ್ಲ ಎಂಬುದು ನನ್ನ ತಮ್ಮನ ವಾದ. ಆದರೆ ನಮ್ಮ ಕೇರಿಯಲ್ಲಿ ತಾರಸಿ ಹಾಕಿಸಿದವರಲ್ಲಿ ಹೆಚ್ಚಿನವರು ಕೆಲವೇ ಮಳೆಗಾಲಗಳ ನಂತರ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಕಟ್ಟಿಸಿದ್ದಾರೆ. ಸಮತಟ್ಟಾದ ತಾರಸಿ ಆಧುನಿಕ ವಾಸ್ತುಶಿಲ್ಪದ ತಿರುಳೋ, ಬೇರೆ ಹವೆಯ ನಾಡಿನಿಂದ ಅದರೊಡನೆ ಬಂದ ರೂಢಿಯೋ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಬಿಳಿಹಾಳೆ, ಧಾರವಾಡ (ಮೂಲತಃ ಅಂಕೋಲಾ)

ರೂಢಿ ಎಂದೇ ನನ್ನ ಅಭಿಪ್ರಾಯ. ಕಬ್ಬಿಣದ ಸರಳು ಸೇರಿದ ಕಾಂಕ್ರೀಟಿನ ಕಂಬಗಳು ಗೋಡೆಯನ್ನು ಭಾರ ಹೊರುವ ಕೆಲಸದಿಂದ ಬಿಡಿಸಿದ್ದೇ ಆಧುನಿಕ ವಾಸ್ತುಶಿಲ್ಪದ ನಿಜವಾದ ತಿರುವು. ಕೋಣೆಗಳನ್ನು ಬೇಕಾದಂತೆ ಜೋಡಿಸುವ, ಕಿಟಕಿಯನ್ನು ಉದ್ದಕ್ಕೆ ತೆರೆಯುವ ಸ್ವಾತಂತ್ರ್ಯ ಅದರಿಂದ ಬಂತು. 1920ರ ದಶಕದಲ್ಲಿ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಆಧುನಿಕ ವಾಸ್ತುಶಿಲ್ಪಕ್ಕೆಂದು ಮುಂದಿಟ್ಟ ಐದು ಸೂತ್ರಗಳಲ್ಲಿ ತಾರಸಿ ತೋಟವೂ ಒಂದು ಎಂಬುದು ನಿಜ. ಆದರೆ ಪ್ಯಾರಿಸ್ ಬಳಿ ಅವರು ಕಟ್ಟಿದ ವಿಲಾ ಸವೋಯ್ ಎಂಬ ಮನೆ ಸೋರುತ್ತದೆಂದು ಆ ಮನೆಯವರೇ ಮತ್ತೆ ಮತ್ತೆ ದೂರಿದ್ದರು. ಅದೇ ಕಾರ್ಬೂಸಿಯೇ ಚಂಡೀಗಢದಲ್ಲಿ ಹೈಕೋರ್ಟ್ ಕಟ್ಟಿದಾಗ ಕಟ್ಟಡದ ಮೇಲೆ ಇನ್ನೊಂದು ಕಮಾನಿನ ಚಾವಣಿ ಎತ್ತಿ, ನಡುವೆ ಗಾಳಿಯಾಡುವಂತೆ ಬಿಟ್ಟರು. ನಿಮ್ಮ ಕೇರಿಯ ತಗಡಿನ ಮಾಡನ್ನು ಕುರೂಪವೆಂದು ಹಳಿಯುವವರು ಆ ಕಟ್ಟಡವನ್ನು ಒಮ್ಮೆ ನೋಡಬೇಕು. ಎರಡರ ಹಿಂದಿನ ಯೋಚನೆ ಒಂದೇ.

ನಮ್ಮ ದೇಶದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಾಬರಮತಿಯ ಗಾಂಧಿ ಸಂಗ್ರಹಾಲಯವನ್ನೂ (1963) ತಮ್ಮನಿಗೆ ತೋರಿಸಿ. ಅಲ್ಲಿ ಹೆಂಚಿನ ಮಾಡುಗಳಿವೆ, ಮಳೆನೀರನ್ನು ಹರಿಸಿಕೊಂಡು ಹೋಗುವ ಕಾಂಕ್ರೀಟಿನ ತೊಲೆಗಳೂ ಇವೆ. ಅದನ್ನು ಆಧುನಿಕವಲ್ಲ ಎಂದವರನ್ನು ನಾನು ಕಂಡಿಲ್ಲ. ಅಷ್ಟಕ್ಕೂ ನಾವು ಹಳೆಯದೆನ್ನುವ ಮಂಗಳೂರು ಹೆಂಚು 1865ರಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯಲ್ಲಿ ಯಂತ್ರದಿಂದ ಹುಟ್ಟಿದ್ದು.

ಉತ್ತರ: ಕಾಳಿ ಸೇತುವೆ, ಕಾರವಾರ

ಸಿವಿಲ್ ಎಂಜಿನಿಯರನಾಗಿ ನನ್ನ ಚಿಂತೆ ಸೋರಿಕೆಗಿಂತ ಉಪ್ಪಿನದು. ಕಡಲ ಗಾಳಿಯ ಉಪ್ಪು ತೇವದೊಡನೆ ಕಾಂಕ್ರೀಟಿನೊಳಗೆ ಇಳಿದು ಸರಳನ್ನು ತಲುಪುತ್ತದೆ; ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸ್ಲ್ಯಾಬಿನ ಅಡಿಭಾಗ ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕರಾವಳಿಯ ಗಾಳಿಗೆ ತೆರೆದಿರುವ ಕಾಂಕ್ರೀಟಿಗೆ ಐಎಸ್ 456 ಎಂಬ ಭಾರತೀಯ ಕಾಂಕ್ರೀಟ್ ಸಂಹಿತೆಯು ಕನಿಷ್ಠ ಎಂ30 ದರ್ಜೆಯನ್ನೂ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ), ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆಯನ್ನೂ ವಿಧಿಸುತ್ತದೆ. ನಮ್ಮಲ್ಲಿ ಒಳನಾಡಿನಂತೆ ಎಂ20 ಹಾಗೂ 20 ಮಿ.ಮೀ. ಹೊದಿಕೆಯಲ್ಲೇ ಮುಗಿಸುವುದು ಸಾಮಾನ್ಯ. ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿದರಂತೂ ಶತ್ರು ಮೊದಲ ದಿನವೇ ಒಳಗಿರುತ್ತಾನೆ.

ಉತ್ತರ: ತೋಟದ ಮನೆ, ಶಿರಸಿ

ಹೆಂಚು ಬಿಟ್ಟವರೆಲ್ಲ ಮೋಹದಿಂದ ಬಿಟ್ಟವರಲ್ಲ ಎಂಬುದನ್ನೂ ಹೇಳಬೇಕು. ಒಳ್ಳೆಯ ಮರ ದುಬಾರಿಯಾಯಿತು, ಮಂಗಗಳ ಕಾಟ ಹೆಚ್ಚಿತು, ಮಳೆಗೆ ಮೊದಲು ಮಾಡು ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದ ಕೈಗಳು ಬೆಂಗಳೂರು ಸೇರಿದವು. ಮನೆಯಲ್ಲಿ ಉಳಿದ ವಯಸ್ಸಾದ ದಂಪತಿಗೆ ತಾರಸಿಯೆಂದರೆ ನೆಮ್ಮದಿ; ನಮ್ಮಂಥ ಅಡಿಕೆ ಬೆಳೆಗಾರರಿಗೆ ಅದು ಒಣಗಿಸುವ ಅಂಗಳವೂ ಹೌದು. ಎರಡು ಸೂರು ಹೇಗೂ ಬರುವುದಾದರೆ ಎರಡನೆಯದನ್ನು ನಕ್ಷೆಯಲ್ಲೇ ಸೇರಿಸಿಬಿಡಿ: ಕಂಬಗಳ ಜಾಗ, ನಿಂತು ಓಡಾಡುವಷ್ಟು ಎತ್ತರ, ಗೋಡೆಯನ್ನು ಎರಚಲಿನಿಂದ ಕಾಯುವಷ್ಟು ಹೊರಚಾಚಿದ ಸೂರಂಚು. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅಲೆಯಾಕಾರದ ಸಿಮೆಂಟ್ ಶೀಟಿನ ಮೇಲೆ ಹೆಂಚು ಹೊದಿಸುತ್ತಿದ್ದರು; ಹಾಗೆ ಮಾಡಿದರೆ ಮಂಗ ಹೆಂಚು ಒಡೆದರೂ ಮನೆ ಸೋರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಅಘನಾಶಿನಿ ದಡ, ಕುಮಟಾ

ಎಲ್ಲರಿಗೂ ಕೃತಜ್ಞತೆಗಳು. ತಮ್ಮನೂ ಓದಿದ್ದಾನೆ, ಮೇಲಿನ ಮಾಡನ್ನು ನಕ್ಷೆಯಲ್ಲೇ ಸೇರಿಸಲು ಒಪ್ಪಿದ್ದಾನೆ. ಕಾರವಾರದ ಎಂಜಿನಿಯರರಲ್ಲಿ ಇನ್ನೊಂದು ವಿನಂತಿ: ಆ ಮಾಡಿನ ಕಬ್ಬಿಣದ ಕಂಬಗಳಿಗೂ ಉಪ್ಪು ತಗಲುವುದಲ್ಲವೇ?

ಉತ್ತರ: ಕಾಳಿ ಸೇತುವೆ, ಕಾರವಾರ

ಖಂಡಿತ ತಗಲುತ್ತದೆ. ಸತುವಿನ ಲೇಪವಿರುವ ಕೊಳವೆಗಳನ್ನೇ ಬಳಸಿ, ಬೆಸುಗೆ ಹಾಕಿದ ಕಡೆ ಲೇಪ ಸುಟ್ಟುಹೋಗುವುದರಿಂದ ಅಲ್ಲಿ ಸತುವಿನ ಬಣ್ಣ ಬಳಿಸಿ. ಕಬ್ಬಿಣ ಹೊರಗಿದ್ದರೆ ಕಣ್ಣಿಗೆ ಬೀಳುತ್ತದೆ, ದುರಸ್ತಿ ಸುಲಭ. ಸ್ಲ್ಯಾಬಿನೊಳಗಿನ ಸರಳಿಗೆ ಆ ಅನುಕೂಲವಿಲ್ಲ.