ಅಪ್‌ಡೇಟ್: ಅಹಮದಾಬಾದ್‌ನ ಪೋಳ್‌ಗಳಲ್ಲಿ ಒಂದು ಹಗಲು

ಜೋಧ್‌ಪುರಕ್ಕೆ ಹೋಗುವಾಗ ಅಹಮದಾಬಾದ್‌ನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಟೈಮ್ ಸಿಗುತ್ತದೆ, ಅಮ್ಮನಿಗೆ ಮಂಡಿನೋವು, ಹಳೇ ಊರು ನೋಡಬಹುದಾ ಅಂತ ಕೇಳಿದ್ದೆ. ಹೋಗಿ ಬಂದೆವು. "ಎಲ್ಲಾ ನೋಡಲು ಹೋಗಬೇಡಿ, ಪೋಳ್‌ಗಳಲ್ಲಿ ಸುಮ್ನೆ ಓಡಾಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್.

ಕಾಲೂಪುರದ ಸ್ವಾಮಿನಾರಾಯಣ ದೇವಸ್ಥಾನದಿಂದ ಶುರು ಮಾಡಿ, ಜಾಮಾ ಮಸೀದಿ ತನಕ ನಿಧಾನವಾಗಿ ನಡೆದೆವು. ಪೋಳ್ ಅಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಒತ್ತೊತ್ತಾಗಿ ಮನೆಗಳಿರುವ ಓಣಿ. ಕೆತ್ತನೆಯ ಮರದ ಕಂಬ, ಮೇಲೆ ಬಾಲ್ಕನಿ, ಮುಂದೆ ಜಗಲಿ. ಅದಕ್ಕೆ ಅಲ್ಲಿ ಓಟ್ಲೋ ಅಂತಾರೆ. ಅಮ್ಮ ಸುಸ್ತಾದಾಗೆಲ್ಲ ಯಾವುದಾದರೂ ಜಗಲಿಯಲ್ಲಿ ಕೂರುತ್ತಿದ್ದರು, ಯಾರೂ ಏಳಿ ಅನ್ನಲಿಲ್ಲ. ಒಂದು ಕಡೆ ಅಜ್ಜಿಯೊಬ್ಬರು ನೀರು ತಂದುಕೊಟ್ಟು, ಅಂಗಳದ ಕಲ್ಲಿನ ಮುಚ್ಚಳ ತೋರಿಸಿದರು. ಅದರ ಕೆಳಗೆ ಟಾಂಕಾ, ಮಳೆನೀರು ಹಿಡಿದಿಡುವ ತೊಟ್ಟಿ. ಅಮ್ಮ ಅಲ್ಲಿಂದ ಏಳಲೇ ಇಲ್ಲ! ಇಬ್ಬರಿಗೂ ಭಾಷೆ ಬರಲ್ಲ, ಆದರೂ ಅರ್ಧ ಗಂಟೆ ಮಾತು. ಓಣಿ ಮಧ್ಯೆ ಚಬೂತರೋ ಇತ್ತು, ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ ಪುಟ್ಟ ಗೂಡು. ಗಿಳಿಗಳು ಕಚ್ಚಾಡುತ್ತಿದ್ದವು.

ಜಾಮಾ ಮಸೀದಿ 1424ರದ್ದು, ಅಂಗಳ ತುಂಬಾ ದೊಡ್ಡದು. 1573ರ ಸೀದಿ ಸೈಯದ್ ಮಸೀದಿಗೆ ಆಟೋದಲ್ಲಿ ಹೋದೆವು. ಅಲ್ಲಿ ಕಲ್ಲಿನಲ್ಲೇ ಮರದ ಚಿತ್ರ ಕೊರೆದ ಜಾಲಂಧ್ರದ ಕಿಟಕಿ ಇದೆ, ಅದನ್ನು ಹೊರಗಿನಿಂದಲೂ ನೋಡಿ, ಒಳಗಿನಿಂದಲೂ ನೋಡಿ.

ಮಾಣೆಕ್ ಚೌಕ್‌ನಲ್ಲಿ ನಾವು ಕಂಡದ್ದು ಚಿನ್ನ-ಬೆಳ್ಳಿ ಅಂಗಡಿಗಳು ಮಾತ್ರ. ರಾತ್ರಿ ಅಲ್ಲೇ ಶುರುವಾಗುವ ತಿಂಡಿ ಬಜಾರ್‌ಗೆ ಮುಂಚೆಯೇ ರೈಲಿತ್ತು. ಆಗುವವರು ಒಂದು ರಾತ್ರಿ ಉಳಿದುಕೊಳ್ಳಿ.