ಡ್ರೈಯರ್ ಡ್ರಮ್ ತಿರುಗುತ್ತಿದೆ, ಬಿಸಿ ಮಾತ್ರ ಬರುತ್ತಿಲ್ಲ. ಏನು ಮಾಡಲಿ?

ಹೊಸನಗರದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಪುನರ್ವಸು ಮಳೆ ಹಿಡಿದು 9 ದಿನ ಆಯಿತು, ಬಿಸಿಲಿನ ಮುಖ ಕಂಡಿಲ್ಲ. ಮನೆಯಲ್ಲಿ 4 ತಿಂಗಳ ಮಗು ಇದೆ, ದಿನಕ್ಕೆ 20 ಲಂಗೋಟಿಯಾದರೂ ಒಣಗಬೇಕು. ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಹಾಕಿದರೆ ಒಣಗುತ್ತದೆ, ಆದರೆ ಹೊಗೆ ವಾಸನೆಗೆ ಮಗು ಕೆಮ್ಮುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ ತಂದಿದ್ದ ಡ್ರೈಯರನ್ನೇ ನಂಬಿಕೊಂಡಿದ್ದೆವು. ಬಿಸಿಗಾಳಿಯನ್ನು ಪೈಪಿನಲ್ಲಿ ಗೋಡೆಯ ಆಚೆ ಬಿಡುತ್ತದಲ್ಲ, ಆ ಥರದ್ದು, 2000 ವ್ಯಾಟ್.

ಮೊನ್ನೆಯಿಂದ ಡ್ರಮ್ ಸರಿಯಾಗಿ ತಿರುಗುತ್ತದೆ, ಲೈಟ್ ಎಲ್ಲ ಬರುತ್ತದೆ, ಎರಡು ಗಂಟೆ ಓಡಿಸಿದರೂ ಬಟ್ಟೆ ತಣ್ಣಗೇ ಇರುತ್ತದೆ. ಅದಕ್ಕೆ ಮುಂಚೆ ಒಂದು ವಾರ ಒಣಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿತ್ತು, ನಾವು ಮಳೆಗಾಲದ ತಂಡಿಗೆ ಹಾಗೆ ಅಂದುಕೊಂಡೆವು. ಕಂಪನಿಯವರು ಬರಲು 10 ದಿನ ಬೇಕಂತೆ. ಯಜಮಾನರಿಗೆ ತೋಟದ ಪಂಪ್‌ಸೆಟ್ ಬಿಚ್ಚಿ ಕಟ್ಟಿ ಅಭ್ಯಾಸ ಇದೆ, ಮನೆಯಲ್ಲಿ ಮಲ್ಟಿಮೀಟರ್ ಇದೆ. ನಾವೇ ನೋಡಬಹುದಾ? ಎಲ್ಲಿಂದ ಶುರು ಮಾಡಬೇಕು?

ಶಿವಮೊಗ್ಗ ರಿಪೇರಿ

ನಮಸ್ಕಾರ ಮೇಡಂ. 18 ವರ್ಷದಿಂದ ವಾಷಿಂಗ್ ಮೆಷಿನ್, ಡ್ರೈಯರ್ ಇದೇ ಕೆಲಸ ಮಾಡುತ್ತಿದ್ದೇನೆ. ನೋಡಬಹುದು, ಆದರೆ ಅವಸರ ಬೇಡ.

ನೀವು ಕೊನೆಯಲ್ಲಿ ಬರೆದ ಮಾತೇ ಮುಖ್ಯ. ಒಂದು ವಾರ ನಿಧಾನಕ್ಕೆ ಒಣಗುತ್ತಿತ್ತು, ಆಮೇಲೆ ಬಿಸಿ ಪೂರ್ತಿ ನಿಂತಿತು. ಹೀಗಾದರೆ ನಾನು ಮೊದಲು ಹೀಟರ್ ಕಡೆ ಹೋಗುವುದಿಲ್ಲ, ಗಾಳಿಯ ದಾರಿ ನೋಡುತ್ತೇನೆ. ಡ್ರಮ್ ತಿರುಗಿದರೆ ಗಾಳಿ ಹೋಗುತ್ತಿದೆ ಅಂತ ಅರ್ಥ ಅಲ್ಲ. ಎಷ್ಟೋ ಮೆಷಿನ್‌ನಲ್ಲಿ ಡ್ರಮ್ ತಿರುಗಿಸುವುದೂ ಫ್ಯಾನ್ ತಿರುಗಿಸುವುದೂ ಒಂದೇ ಮೋಟರ್, ಫ್ಯಾನ್ ಓಡುತ್ತಲೇ ಇರುತ್ತದೆ, ಮುಂದೆ ದಾರಿ ಕಟ್ಟಿದ್ದರೆ ಗಾಳಿ ಎಲ್ಲಿಗೆ ಹೋಗಬೇಕು? ಹೀಟರ್ ಸುತ್ತಲೇ ಬಿಸಿ ಕೂರುತ್ತದೆ. ಅದು ಮಿತಿ ಮೀರಿದಾಗ ಕಟೌಟ್ ಅನ್ನುವ ಸುರಕ್ಷತೆಯ ಸ್ವಿಚ್ ಬಿಟ್ಟುಕೊಳ್ಳುತ್ತದೆ, ಹೀಟರಿಗೆ ಕರೆಂಟ್ ಹೋಗುವುದಿಲ್ಲ.

ಪ್ಲಗ್ ತೆಗೆಯುವ ಮೊದಲು ಎರಡು ಕೆಲಸ ಮಾಡಿ. ಒಂದು, ಮೆಷಿನ್ ಓಡುವಾಗ ಹೊರಗೆ ಹೋಗಿ ಪೈಪಿನ ಬಾಯಿಗೆ ಕೈ ಹಿಡಿಯಿರಿ. ಗಾಳಿ ರಭಸವಾಗಿ ಬರಬೇಕು. ಇನ್ನೊಂದು, ವೋಲ್ಟೇಜ್ ನೋಡಿ. ಮಲೆನಾಡಿನಲ್ಲಿ ಮಳೆಗಾಲದ ಸಂಜೆ ಎಷ್ಟು ಬರುತ್ತದೆ ಅಂತ ನನಗೂ ಗೊತ್ತು. 230ಕ್ಕೆ 2000 ವ್ಯಾಟ್ ಕೊಡುವ ಹೀಟರ್ 170ಕ್ಕೆ ಇಳಿದರೆ ಸುಮಾರು 1100 ವ್ಯಾಟ್ ಮಾತ್ರ ಕೊಡುತ್ತದೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದರೆ ಕಡಿಮೆ ವೋಲ್ಟೇಜಿಗೆ ಬೆಚ್ಚಗಾದರೂ ಆಗುತ್ತದೆ, ಪೂರ್ತಿ ತಣ್ಣಗೆ ಇರುವುದಿಲ್ಲ.

ಆಮೇಲೆ ಪ್ಲಗ್ ಕಿತ್ತು ಪಕ್ಕಕ್ಕಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಟರಿನ ಕೆಪಾಸಿಟರ್ ಕಡೆ ಕೈ ಹಾಕಬೇಡಿ, ಪ್ಲಗ್ ಕಿತ್ತಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಹಿಂದಿನ ತಗಡು ಬಿಚ್ಚಿದರೆ ಹೀಟರ್ ಡಬ್ಬಿ ಕಾಣುತ್ತದೆ, ಅದರ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಎರಡು ಗುಂಡನೆ ಬಿಲ್ಲೆ ಇರುತ್ತವೆ, ಥರ್ಮೋಸ್ಟಾಟ್ ಮತ್ತು ಕಟೌಟ್. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ವೈರ್ ಅದಲುಬದಲಾದರೆ ಕಷ್ಟ. ಹೀಟರಿನ ವೈರ್ ಬಿಡಿಸಿಕೊಂಡು ಓಮ್ಸ್ ನೋಡಿ. ನಿಮ್ಮ 2000 ವ್ಯಾಟಿಗೆ 26, 27 ಓಮ್ಸ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಆಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಡಿ, ಕರೆಂಟ್ ಹರಿಯಲು ದಾರಿ ಇದ್ದರೆ ಅದು ಬೀಪ್ ಅನ್ನುತ್ತದೆ. ಹೀಟರ್ ತುದಿಗೂ ಬಾಡಿಗೂ ಮಧ್ಯೆ ಬೀಪ್ ಬರಲೇಬಾರದು, ಬಂದರೆ ಮೆಷಿನ್ ಮುಟ್ಟಬೇಡಿ, ಅರ್ಥ್ ಆಗುತ್ತಿದೆ, ಅಂದರೆ ಕರೆಂಟ್ ಬಾಡಿಗೆ ಸೋರುತ್ತಿದೆ ಅಂತ. ಮಳೆಗಾಲದ ಒದ್ದೆ ನೆಲದಲ್ಲಿ ಅದು ಜೀವಕ್ಕೇ ಅಪಾಯ. ನೋಡಿ ಬರೆಯಿರಿ, ಕಾಯುತ್ತೇನೆ.

ಹೊಸನಗರದ ಮನೆ

ತುಂಬಾ ಉಪಕಾರ ಆಯಿತು ಸರ್. ಬೆಳಿಗ್ಗೆ ಕರೆಂಟ್ ಇದ್ದಾಗ ನೋಡಿದೆವು. ವೋಲ್ಟೇಜ್ 208 ಇತ್ತು. ಹೀಟರ್ 27 ಓಮ್ಸ್ ತೋರಿಸಿತು, ಬಾಡಿಗೆ ಬೀಪ್ ಇಲ್ಲ. ಎರಡು ಬಿಲ್ಲೆಯಲ್ಲಿ ಒಂದು ಬೀಪ್ ಅನ್ನುತ್ತದೆ, ಇನ್ನೊಂದು ಅನ್ನುವುದಿಲ್ಲ. ಹೊರಗೆ ಪೈಪಿನ ಹತ್ತಿರ ಹೋಗಲಾಗಲಿಲ್ಲ, ಆ ಗೋಡೆಯ ಬದಿ ಪೂರ್ತಿ ಕೆಸರು, ಜಾರುತ್ತದೆ. ಬಟ್ಟೆಯಿಂದ ಉದುರುವ ಜುಂಗು ಹಿಡಿಯುವ ಜಾಲರಿ ನಾನು ಪ್ರತಿ ಸಲ ತೆಗೆದು ಒರೆಸುತ್ತೇನೆ, ಅದು ಸ್ವಚ್ಛವೇ ಇದೆ.

ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ಫೋನ್ ಮಾಡಿದರೆ, ಆ ಬಿಲ್ಲೆ ಕಿತ್ತು ಎರಡು ವೈರ್ ಸೇರಿಸಿ ಡೈರೆಕ್ಟ್ ಮಾಡಿಬಿಡಿ, 5 ನಿಮಿಷದ ಕೆಲಸ ಅಂದರು. ಮಗುವಿನ ಬಟ್ಟೆ ರಾಶಿ ಬಿದ್ದಿದೆ, ಸದ್ಯಕ್ಕೆ ಹಾಗೆ ಮಾಡಬಹುದಾ?

ಶಿವಮೊಗ್ಗ ರಿಪೇರಿ

ಬೇಡ ಮೇಡಂ. ದಯವಿಟ್ಟು ಡೈರೆಕ್ಟ್ ಮಾಡಬೇಡಿ, ಒಂದು ದಿನಕ್ಕೂ ಬೇಡ.

ಆ ಬಿಲ್ಲೆ ಸುಮ್ನೆ ಕೆಟ್ಟಿಲ್ಲ. ಒಳಗೆ ಬಿಸಿ ಮಿತಿ ಮೀರಿದ್ದಕ್ಕೆ ತನ್ನ ಕೆಲಸ ತಾನು ಮಾಡಿದೆ. ಬೀಪ್ ಅನ್ನುತ್ತಿರುವ ಬಿಲ್ಲೆ ಥರ್ಮೋಸ್ಟಾಟ್, ಬಿಸಿಯಾದಾಗ ಬಿಡುತ್ತದೆ, ತಣ್ಣಗಾದ ಮೇಲೆ ತಾನೇ ಸೇರಿಕೊಳ್ಳುತ್ತದೆ. ಇನ್ನೊಂದು ಕಟೌಟ್, ಕೊನೆಯ ಕಾವಲು, ಒಂದು ಸಲ ಬಿಟ್ಟರೆ ತಾನಾಗಿ ಸೇರುವುದಿಲ್ಲ. ಅದನ್ನು ಡೈರೆಕ್ಟ್ ಮಾಡಿದರೆ ಹೀಟರ್ ಮತ್ತೆ ಉರಿಯುತ್ತದೆ, ದಾರಿ ಕಟ್ಟಿರುವುದು ಹಾಗೇ ಇರುತ್ತದೆ, ಈ ಸಲ ನಿಲ್ಲಿಸುವವರು ಯಾರೂ ಇರುವುದಿಲ್ಲ. ಒಳಗಿರುವ ಜುಂಗು ಅಂದರೆ ಒಣ ಹತ್ತಿ. ಹೀಗೆ ಡೈರೆಕ್ಟ್ ಮಾಡಿದ್ದ ಒಂದು ಮೆಷಿನ್ ನನ್ನ ಕೈಗೆ ಬಂದಿತ್ತು, ಹಿಂದಿನ ತಗಡು ಕಪ್ಪಾಗಿ ಬಾಗಿತ್ತು, ಪ್ಲಾಸ್ಟಿಕ್ ಫ್ಯಾನ್ ಕರಗಿ ಮುದ್ದೆಯಾಗಿತ್ತು. ಮನೆಯವರು ಎಚ್ಚರ ಇದ್ದರು, ಬದುಕಿಕೊಂಡರು.

ಬೀಪ್ ಬಾರದ ಬಿಲ್ಲೆಯ ನಡುವೆ ಕೆಂಪು ಗುಂಡಿ ಇದೆಯಾ ನೋಡಿ. ಇದ್ದರೆ ಪೆನ್ಸಿಲ್ ತುದಿಯಿಂದ ಒತ್ತಿ, ಟಕ್ ಅಂದರೆ ಸೇರಿಕೊಂಡಿತು. ಗುಂಡಿ ಇಲ್ಲದಿದ್ದರೆ ಹೊಸದು ಹಾಕಬೇಕು. ಬಿಲ್ಲೆಯ ಮೇಲೆ ಎಷ್ಟು ಡಿಗ್ರಿ, ಎಷ್ಟು ಆಂಪಿಯರ್ ಅಂತ ಸಣ್ಣದಾಗಿ ಬರೆದಿರುತ್ತದೆ, ಅದೇ ನಂಬರಿನದ್ದೇ ತನ್ನಿ. ಹತ್ತಿರದ್ದು ಇದೆ, ನಡೆಯುತ್ತದೆ ಅಂತ ಅಂಗಡಿಯವರು ಹೇಳಿದರೂ ತರಬೇಡಿ.

ಹಾಕುವ ಮುಂಚೆ ಆ ಪೈಪ್ ಬಿಚ್ಚಿ ನೋಡಲೇಬೇಕು. ಕೆಸರಾದರೂ ಒಂದು ಹಲಗೆ ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ಹೊಸ ಕಟೌಟೂ ಹೋಗುತ್ತದೆ. ಇನ್ನೊಂದು, ಜಾಲರಿ ಕಣ್ಣಿಗೆ ಸ್ವಚ್ಛ ಕಂಡರೆ ಆಗಲಿಲ್ಲ. ಬಟ್ಟೆ ಮೆತ್ತಗಾಗಲು ಕಂಫರ್ಟ್ ಥರದ್ದು ಹಾಕಿ ಒಗೆಯುವ ಮನೆಯಲ್ಲಿ ಜಾಲರಿಗೆ ಕಾಣದ ಹಾಗೆ ಒಂದು ಪೊರೆ ಕಟ್ಟುತ್ತದೆ. ನಲ್ಲಿ ಕೆಳಗೆ ಹಿಡಿಯಿರಿ. ನೀರು ಇಳಿಯದೆ ಮೇಲೆ ನಿಂತರೆ ಗಾಳಿಯೂ ಹೋಗುವುದಿಲ್ಲ. ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ನ್ಯೂಜೆರ್ಸಿ ಕನ್ನಡತಿ

ಹೊಸನಗರದವರೇ, ಒಂದು ಎಚ್ಚರಿಕೆ ಹೇಳಲು ಬಂದೆ. ಡ್ರೈಯರ್ ರಿಪೇರಿ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಜಾಸ್ತಿ ಬರುವುದು ಅಮೆರಿಕದ ವಿಡಿಯೋಗಳು. ಇಲ್ಲಿ ಡ್ರಮ್ ತಿರುಗಿ ಬಿಸಿ ಬರದಿದ್ದರೆ ಮೊದಲು ಬ್ರೇಕರ್ ನೋಡಿ ಅನ್ನುತ್ತಾರೆ, ಅದು ನಿಮಗೆ ಅನ್ವಯಿಸುವುದಿಲ್ಲ. ಇಲ್ಲಿ ಡ್ರೈಯರಿಗೆ 240 ವೋಲ್ಟ್ ಬರುವುದು 120ರ ಎರಡು ವೈರ್‌ನಲ್ಲಿ, 30 ಆಂಪಿಯರಿನ ಜೋಡಿ ಬ್ರೇಕರ್ ಇರುತ್ತದೆ. ಮೋಟರಿಗೆ ಒಂದು ವೈರಿನ 120 ಸಾಕು, ಹೀಟರಿಗೆ ಎರಡೂ ಬೇಕು. ಒಂದು ಕಡೆ ಹೋದರೆ ಡ್ರಮ್ ತಿರುಗುತ್ತದೆ, ಬಿಸಿ ಇರುವುದಿಲ್ಲ. ನಮ್ಮನೆಯಲ್ಲಿ ಹೀಗೇ ಆಗಿತ್ತು, ಬ್ರೇಕರ್ ಪೂರ್ತಿ ಕೆಳಗೆ ಮಾಡಿ ಮತ್ತೆ ಮೇಲೆ ಮಾಡಿದ್ದಕ್ಕೆ ಸರಿಹೋಯಿತು. ಊರಿನಲ್ಲಿ ಮೋಟರಿಗೂ ಹೀಟರಿಗೂ ಒಂದೇ 230, ಅಲ್ಲಿ ಇದು ಕಾರಣ ಆಗಲಾರದು. ಓಮ್ಸ್ ಲೆಕ್ಕವೂ ಬೇರೆ, ಇಲ್ಲಿನ ಹೀಟರ್ 5000 ವ್ಯಾಟಿನ ಮೇಲೆ, 10 ಓಮ್ಸ್ ಹತ್ತಿರ ಬರುತ್ತದೆ. ವಿಡಿಯೋ ನೋಡಿ ನಿಮ್ಮ 27 ತಪ್ಪು ಅಂದುಕೊಳ್ಳಬೇಡಿ.

ಡೈರೆಕ್ಟ್ ಮಾಡುವ ವಿಷಯದಲ್ಲಿ ಶಿವಮೊಗ್ಗದವರು ಹೇಳಿದ್ದು ನೂರಕ್ಕೆ ನೂರು ನಿಜ. 2008ರಿಂದ 2010ರ ಲೆಕ್ಕದ ಪ್ರಕಾರ ಇಲ್ಲಿ ವರ್ಷಕ್ಕೆ ಸುಮಾರು 2,900 ಮನೆ ಬೆಂಕಿ ಡ್ರೈಯರಿನಿಂದ ಆಗುತ್ತಿತ್ತು. ಮುಖ್ಯ ಕಾರಣ ಸ್ವಚ್ಛ ಮಾಡದೇ ಇರುವುದು.

ಕುಂದಾಪುರದ ಅಜ್ಜಿ

ಮಗಳೇ, ಮೆಷಿನ್ ವಿಷಯ ನನಗೆ ಗೊತ್ತಿಲ್ಲ, ಮಗುವಿನ ಬಟ್ಟೆ ವಿಷಯ ಒಂದು ಹೇಳುತ್ತೇನೆ. ಮಗುವಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುತ್ತೀಯಲ್ಲ, ಆ ಒರೆಸಿದ ಬಟ್ಟೆ, ಕೆಳಗೆ ಹಾಸಿದ ಬಟ್ಟೆ ಅದರಲ್ಲಿ ಹಾಕಬೇಡ. ನನ್ನ ಮಗ ಮೆಷಿನ್ ತಂದಾಗ ಅದರ ಪುಸ್ತಕದಲ್ಲೇ ಬರೆದಿತ್ತು ಅಂತ ಓದಿ ಹೇಳಿದ್ದ. ಎಣ್ಣೆ ಪೂರ್ತಿ ಹೋಗದ ಬಟ್ಟೆ ಬಿಸಿಯಾಗಿ, ಹಾಗೇ ಮುದ್ದೆಯಾಗಿ ಬಿದ್ದಿದ್ದರೆ ಒಳಗೊಳಗೇ ಕಾವು ಏರಿ ಹೊತ್ತಿಕೊಳ್ಳಬಹುದಂತೆ. ಆ ಬಟ್ಟೆಯನ್ನು ಬಿಸಿ ನೀರಲ್ಲಿ ನೆನೆಸಿ ಬೇರೆಯೇ ಒಗೆದು ಫ್ಯಾನ್ ಕೆಳಗೆ ಹರವು. ಕೊನೆಗೆ ಹತ್ತು ನಿಮಿಷ ತಣ್ಣನೆ ಗಾಳಿ ಬರುತ್ತದಲ್ಲ, ಅವಸರಕ್ಕೆ ಅದನ್ನು ನಿಲ್ಲಿಸಿ ಬಟ್ಟೆ ಒಳಗೇ ಬಿಡಬೇಡ.

ವಾಷಿಂಗ್ ಮೆಷಿನ್ನಿನಲ್ಲಿ ಎರಡು ಸಲ ಹಿಂಡಿಸಿ ಹಾಕಿದರೆ ಒಣಗುವ ಹೊತ್ತೂ ಕಡಿಮೆ, ಕರೆಂಟೂ ಉಳಿಯುತ್ತದೆ.

ಹೊಸನಗರದ ಮನೆ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಸಿಕ್ಕಿತು!

ಅಜ್ಜಿ, ಎಣ್ಣೆ ಬಟ್ಟೆಯನ್ನು ಎಲ್ಲದರ ಜೊತೆಗೇ ಹಾಕುತ್ತಿದ್ದೆ. ಓದಿ ಮೈ ನಡುಗಿತು. ಇವತ್ತಿನಿಂದ ಬೇರೆ ಬಕೆಟ್ ಇಟ್ಟಿದ್ದೇನೆ.

ಯಜಮಾನರು ಅಡಿಕೆ ದಬ್ಬೆ ಹಾಸಿಕೊಂಡು ಗೋಡೆ ಬದಿಗೆ ಹೋದರು. ಪೈಪಿನ ಬಾಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇತ್ತು, ಗಾಳಿ ಬಂದಾಗ ತೆರೆಯುವಂಥದ್ದು. ಅದರ ಕೀಲಿಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿಬಿಟ್ಟಿದೆ, ಹೆಬ್ಬೆರಳು ಗಾತ್ರದ ನಾಲ್ಕು ಗೂಡು, ಒಂದಕ್ಕೊಂದು ಅಂಟಿಕೊಂಡು. ಬೇಸಿಗೆಯಲ್ಲಿ ಡ್ರೈಯರ್ ಹಾಕದೆ ಇಟ್ಟಿದ್ದೆವಲ್ಲ, ಆಗಲೇ ಕಟ್ಟಿರಬೇಕು. ಮುಚ್ಚಳ ಒಂದು ಬೆರಳಷ್ಟು ಮಾತ್ರ ತೆರೆಯುತ್ತಿತ್ತು. ಅದರ ಹಿಂದೆ ಪೈಪಿನ ಬಾಗಿನಲ್ಲಿ ಒದ್ದೆ ಜುಂಗು, ಕಂಬಳಿ ತುಂಡಿನ ಹಾಗೆ ದಪ್ಪ, ಎಳೆದರೆ ಹಾಳೆ ಹಾಳೆಯಾಗಿ ಬಂತು. ನಸು ಗುಲಾಬಿ ಬಣ್ಣ, ಮಗುವಿನ ಟವೆಲ್ ಬಣ್ಣವೇ. ಅರ್ಧ ಬಕೆಟ್ ಆಯಿತು.

ಬಿಲ್ಲೆಗೆ ಗುಂಡಿ ಇರಲಿಲ್ಲ. ಅದೇ ನಂಬರಿನದ್ದು ಶಿವಮೊಗ್ಗದಲ್ಲಿ ಸಿಕ್ಕಿತು, ಸಂಜೆ ಬಸ್ಸಿಗೆ ಕಳಿಸಿಕೊಟ್ಟರು. ಜಾಲರಿ ಮೇಲೆ ನೀರು ನಿಜವಾಗಿಯೂ ನಿಂತಿತು ಸರ್, ನನಗೆ ಆಶ್ಚರ್ಯ ಆಯಿತು, ತಿಕ್ಕಿ ತೊಳೆದೆ. ಇವತ್ತು ಬೆಳಿಗ್ಗೆ ಎರಡು ಸಲ ಹಿಂಡಿಸಿ 22 ಲಂಗೋಟಿ ಹಾಕಿದೆ, 50 ನಿಮಿಷಕ್ಕೆ ಗರಿಗರಿ. ತೆಗೆದು ಮಗುವಿಗೆ ಕಟ್ಟಿದಾಗ ಇನ್ನೂ ಬೆಚ್ಚಗಿತ್ತು, ಹಾಗೇ ನಿದ್ದೆ ಹೋಯಿತು.

ಹುಳು ಮತ್ತೆ ಬಾರದ ಹಾಗೆ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಲಾ?

ಶಿವಮೊಗ್ಗ ರಿಪೇರಿ

ಓದಿ ಖುಷಿಯಾಯಿತು ಮೇಡಂ. ಜಾಲರಿ ಮಾತ್ರ ಕಟ್ಟಬೇಡಿ, ಎರಡೇ ವಾರದಲ್ಲಿ ಅದಕ್ಕೇ ಜುಂಗು ಕಟ್ಟಿಕೊಂಡು ಮತ್ತೆ ಇದೇ ಕಥೆ. ಮುಚ್ಚಳ ಹಗುರವಾಗಿ ಆಡುವ ಹಾಗೆ ಇಟ್ಟುಕೊಳ್ಳಿ ಸಾಕು. ಬೇಸಿಗೆಯಲ್ಲಿ ಮೆಷಿನ್ ನಿಲ್ಲಿಸಿದಾಗ ಹೊರಗಿನ ಬಾಯಿಗೆ ಒಂದು ಬಟ್ಟೆ ಕಟ್ಟಿ, ಪ್ಲಗ್ ಕಿತ್ತು, ಆ ಪ್ಲಗ್‌ಗೇ ‘ಹೊರಗೆ ಬಟ್ಟೆ ಕಟ್ಟಿದೆ’ ಅಂತ ಚೀಟಿ ಅಂಟಿಸಿಡಿ. ಮೃಗಶಿರ ಮಳೆಗೆ ಮುಂಚೆ ಬಿಚ್ಚಿ, ಪೈಪ್ ಒಂದು ಸಲ ಪೂರ್ತಿ ಒದರಿ ಹಾಕಿ. ಆ ಬಾಗು ಇರುವ ಪೈಪ್ ಎಷ್ಟು ಉದ್ದ ಇದೆ? ಮೆಷಿನ್ ಗೋಡೆಗೆ ಹತ್ತಿರ ಸರಿಸಿ ಒಂದೆರಡು ಅಡಿ ಕತ್ತರಿಸಲು ಸಾಧ್ಯವಾದರೆ ಕತ್ತರಿಸಿ, ನೇರ ಇದ್ದಷ್ಟೂ ಜುಂಗು ನಿಲ್ಲುವುದಿಲ್ಲ.