5 ಮೀಟರ್‌ನಲ್ಲಿ ನಿಲ್ಲೋಕಾಗ್ತಿಲ್ಲ, ಬೆಂಡು ಕಟ್ಟಿದಂಗೆ ಮೇಲಕ್ಕೆ ಹೋಗ್ತೀನಿ

ಬಾವಿಕಪ್ಪೆ (ಚಿಂತಾಮಣಿ): ತಲೆ ಕೆಟ್ಟೋಗಿದೆ. ಅಂಡಮಾನ್‌ಗೆ ಸ್ಕೂಬಾ ಡೈವಿಂಗ್‌ಗೆ ಹೋಗಿದ್ದೆ. ಹ್ಯಾವ್‌ಲಾಕ್ ದ್ವೀಪದ ನೀಮೋ ರೀಫ್ (ಹವಳದ ದಿಬ್ಬ), ದಡದಿಂದಲೇ ನಡ್ಕೊಂಡು ಇಳಿಯೋದು. ಇಳಿಯೋವಾಗ ತೊಂದ್ರೆ ಇಲ್ಲ, 8 ಮೀಟರ್‌ನಲ್ಲಿ ಆರಾಮು. ವಾಪಸ್ ಬರ್ತಾ ಸಿಲಿಂಡರ್ ಗಾಳಿ ತೋರ್ಸೋ ಗೇಜ್ 60 ಬಾರ್‌ಗೆ ಇಳೀತು, ಮೇಲೆ ಬರೋ ಮುಂಚೆ ಸುರಕ್ಷತೆಗೆ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲೋಣ ಅಂದ್ರೆ ಸರ್ರಂತ ಮೇಲೆ. ಬಿಸಿಡಿ (ಗಾಳಿ ತುಂಬಿ ತೇಲೋ ಜಾಕೆಟ್) ಗಾಳಿ ಪೂರ್ತಿ ಬಿಟ್ಟಿದ್ದೆ. ಬಂಡೆ ತಬ್ಬಿಕೊಂಡು ಬೆರಳು ಕುಯ್ದುಕೊಂಡೆ. ಕೊನೆಗೆ ಗೈಡ್ ತಳದಿಂದ ಎರಡು ಕಲ್ಲು ಎತ್ತಿ ನನ್ನ ಬಿಸಿಡಿ ಜೇಬಿಗೆ ತುರುಕಿದ. ಮುಳುಗೋಕೆ ಸೊಂಟಕ್ಕೆ ಕಟ್ಟೋ ತೂಕ ಸರಿ ಇತ್ತು, ಊರಲ್ಲೇ ಚೆಕ್ ಮಾಡ್ಕೊಂಡು ಹೋಗಿದ್ದೆ.

ತಟ್ಟೆಇಡ್ಲಿ (ತುಮಕೂರು): ಉಸಿರು ಕಣಪ್ಪ. ಗಾಬರಿಯಾದ್ರೆ ಶ್ವಾಸಕೋಶ ಅರ್ಧ ತುಂಬೇ ಇರುತ್ತೆ. ಪೂರ್ತಿ ಹೊರಗೆ ಬಿಡು.

ಬಾವಿಕಪ್ಪೆ: ಬಿಟ್ಟೆ ಅಣ್ಣ.

ತಟ್ಟೆಇಡ್ಲಿ: ಬಿಟ್ಟೆ ಅಂದ್ಕೊಂಡಿದೀಯ. ಎಲ್ರೂ ಹಂಗೇ ಅಂದ್ಕೊಳ್ಳೋದು. ಇಷ್ಟಕ್ಕೂ ಮೇಲೆ ಹೋಗೋವಾಗ ಉಸಿರು ಹಿಡಿದ್ರೆ ಶ್ವಾಸಕೋಶವೇ ಹರಿಯುತ್ತೆ, ತಮಾಷೆ ಅಲ್ಲ.

ಗಣಿಹುಡುಗ (ಕೆಜಿಎಫ್): ರೀಫ್ ಅಂದ್ರೆ ನಮ್ಮ ಚಾಂಪಿಯನ್ ರೀಫ್ ಚಿನ್ನದ ಗಣಿ ಗುರು, 3 ಕಿ.ಮೀ.ಗೂ ಆಳ. ನೀವು 8 ಮೀಟರ್‌ಗೆ ಒದ್ದಾಡ್ತಿದೀರ. ಅಂದ್ಹಾಗೆ ನಾನು ಈಗ ಬೆನ್ನಿಗೆ ಕಟ್ಟೋ ಸ್ಟೀಲ್ ಬ್ಯಾಕ್‌ಪ್ಲೇಟ್‌ಗೆ ಬದಲಾಯಿಸಿದೀನಿ, ಅದೇ ಭಾರ, ಸೊಂಟಕ್ಕೆ ತೂಕದ ಬೆಲ್ಟೇ ಬೇಡ. ಫೋಟೋ ಹಾಕ್ಲಾ?

ತಟ್ಟೆಇಡ್ಲಿ: ಬೇಡ. ಹೋದ ತಿಂಗಳೇ ಹಾಕಿದ್ಯಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ): ಕಪ್ಪೆ, ಊರಲ್ಲಿ ಚೆಕ್ ಮಾಡಿದ್ದು ಎಲ್ಲಿ? ಎಷ್ಟು ತೂಕ?

ಬಾವಿಕಪ್ಪೆ: ನಮ್ಮ ತೋಟದ ಬಾವೀಲಿ. 4 ಕೆ.ಜಿ. ಮಾವನ ರಾಗಿ ಅಂಗಡಿಯ ತಕ್ಕಡಿ ಬಟ್ಟು, ಗೋಣಿದಾರದಲ್ಲಿ ಬೆಲ್ಟಿಗೆ ಕಟ್ಟಿದ್ದೆ. ನೆಟ್ಟಗೆ ಮುಳುಗಿದೆ. ಹ್ಯಾವ್‌ಲಾಕ್‌ನಲ್ಲಿ ಗೈಡ್ ಜಾಸ್ತಿ ಹಾಕ್ಕೋ ಅಂದ, ನನ್ನ ತೂಕ ನಂಗೊತ್ತು ಅಂದೆ.

ಗಣಿಹುಡುಗ: ಅದೇ ತಪ್ಪು! ಬಟ್ಟು ಕಬ್ಬಿಣ, ಅಲ್ಲಿ ಕೊಡೋದು ಸೀಸ. ನೀರಲ್ಲಿ ಲೆಕ್ಕ ಬೇರೆ.

ರೇಷ್ಮೆಗೂಡು: ಬೇರೆನೇ, ಆದ್ರೆ ಉಲ್ಟಾ. ಸೀಸ ಹೆಚ್ಚು ಸಾಂದ್ರ, ಅದೇ 4 ಕೆ.ಜಿ. ಇನ್ನೂ ಚೆನ್ನಾಗಿ ಮುಳುಗಿಸುತ್ತೆ. ವ್ಯತ್ಯಾಸ ನೂರೈವತ್ತು ಗ್ರಾಂ ಅಷ್ಟೇ.

ಗಣಿಹುಡುಗ: ನೂರೈವತ್ತು ಗ್ರಾಂ ಕಮ್ಮಿನಾ? ಚಿನ್ನ ಆಗಿದ್ರೆ ಹಿಂಗಂತಿದ್ರಾ?

ರೇಷ್ಮೆಗೂಡು: ಕಪ್ಪೆ, ಬಾವೀಲಿ ಸಿಲಿಂಡರ್ ಯಾವುದು? ಸ್ಟೀಲೋ ಅಲ್ಯೂಮಿನಿಯಮ್ಮೋ?

ಬಾವಿಕಪ್ಪೆ: ಬಾವೀಲಿ ಸಿಲಿಂಡರ್ ಎಲ್ಲಿಂದ ತರ್ಲಿ? ರಬ್ಬರ್ ಸೂಟು, ಮಾಸ್ಕು, ಬೆಲ್ಟು ಅಷ್ಟೇ.

ತಟ್ಟೆಇಡ್ಲಿ: ಅಯ್ಯೋ ದೇವ್ರೇ.

ರೇಷ್ಮೆಗೂಡು: ಇದನ್ನ ಮೊದಲೇ ಹೇಳ್ಬಾರ್ದಾ. ನಿಮ್ಮ ಬಾವೀದು ಸಿಹಿನೀರು. ಉಪ್ಪುನೀರು ಅದಕ್ಕಿಂತ ಸುಮಾರು 2.5% ಹೆಚ್ಚು ಸಾಂದ್ರ. ಸಾಮಾನೂ ಸೇರಿ ನೀನು 95 ಕೆ.ಜಿ. ಇದ್ರೆ ಅಲ್ಲೇ ಎರಡು ಚಿಲ್ಲರೆ ಕೆ.ಜಿ. ಸಾಲ್ದು. ಅದರ ಜೊತೆಗೆ ಅಲ್ಯೂಮಿನಿಯಂ ಸಿಲಿಂಡರ್. ತುಂಬಿದಾಗ ತಾನೇ ಮುಳುಗುತ್ತೆ, ಖಾಲಿಯಾಗ್ತಾ ಆಗ್ತಾ ತೇಲೋಕೆ ಶುರು, ಪೂರ್ತಿ ಖಾಲಿಯಾದ್ರೆ ಸುಮಾರು 2 ಕೆ.ಜಿ. ಮೇಲಕ್ಕೆ ಎಳೆಯುತ್ತೆ. ಆಳದಲ್ಲಿ ಸೂಟ್ ಒತ್ತಡಕ್ಕೆ ಚಪ್ಪಟೆಯಾಗಿರುತ್ತೆ, 5 ಮೀಟರ್‌ಗೆ ಬಂದ್ರೆ ಮತ್ತೆ ಉಬ್ಬುತ್ತೆ. ಉಪ್ಪುನೀರಿಂದು ಮೊದಲಿಂದ್ಲೂ ಇತ್ತು, ಉಳಿದೆರಡೂ ಕೊನೇಲಿ ಸೇರ್ಕೊಂಡಿವೆ. ಮುಂದಿನ ಸಲ ಡೈವ್ ಮುಗಿದ್ಮೇಲೆ, 50 ಬಾರ್ ಇರೋವಾಗ, ದಡದ ಹತ್ರ ಬಿಸಿಡಿ ಖಾಲಿ ಮಾಡಿ ನೆಟ್ಟಗೆ ನಿಲ್ಲು. ಮಾಮೂಲಿ ಉಸಿರಲ್ಲಿ ನೀರು ಕಣ್ಣಿನ ಮಟ್ಟಕ್ಕೆ ಬರ್ಬೇಕು, ಉಸಿರು ಬಿಟ್ರೆ ಮುಳುಗ್ಬೇಕು.

ತಟ್ಟೆಇಡ್ಲಿ: ಉಸಿರು ಅಂತ ನಾನು ಮೊದಲೇ ಹೇಳಿದ್ದೆ.

ಗಣಿಹುಡುಗ: ಸ್ಟೀಲ್ ಬ್ಯಾಕ್‌ಪ್ಲೇಟ್ ಇದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ.

ಬಾವಿಕಪ್ಪೆ: ಆ ಎರಡು ಕಲ್ಲು ಎಷ್ಟಿತ್ತೋ ತೂಗಿ ನೋಡ್ಬೇಕಿತ್ತು. ಬಟ್ಟು ತುಕ್ಕು ಹಿಡಿದಿದೆ, ಮಾವನಿಗೆ ಇನ್ನೂ ಹೇಳಿಲ್ಲ. ಮಾಸ್ಕೂ ಮಂಜಾಗುತ್ತೆ, ಟೂತ್‌ಪೇಸ್ಟ್ ಉಜ್ಜಬಹುದಾ?

ಗಣಿಹುಡುಗ: ಎಂಜಲು ಸಾಕು.

ತಟ್ಟೆಇಡ್ಲಿ: ಎಂಜಲು ಅಂತೆ! ಹೊಸ ಮಾಸ್ಕಿಗೆ ಪೇಸ್ಟೇ ಬೇಕು.